ಮೂರನೆಯ ಯಂತ್ರ ಮತ್ತು ಮೂಲೆಯ ಫ್ಯಾನು

ತಪ್ಪು ನನ್ನದೇ ಎಂದು ಮೊದಲೇ ಹೇಳಿಬಿಡುತ್ತೇನೆ. ಎರಡು ಹಾಳೆಯ ವರದಿ ಬರೆದವನು ನಾನು, ಅದರ ಕೆಳಗೆ ಸದಾನಂದಪ್ಪ, ಮೇಲ್ವಿಚಾರಕ ಎಂದು ಸಹಿ ಹಾಕಿದವನೂ ನಾನು. ಆ ವರದಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕಣ್ಣಾರೆ ಕಂಡದ್ದನ್ನು, ಗಡಿಯಾರ ನೋಡಿಕೊಂಡು, ಕಾಲಂ ಎಳೆದು ಬರೆದಿದ್ದೆ. ಅಷ್ಟು ಶ್ರದ್ಧೆಯಿಂದಲೂ ಅಷ್ಟು ದೊಡ್ಡ ತಪ್ಪು ಮಾಡಬಹುದು ಎಂಬುದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು.

ನಮ್ಮದು ಕಿಟಕಿಗಳಿಗೆ ಸೊಳ್ಳೆ ಪರದೆ ಹಾಕಿಕೊಡುವ ಕಂಪನಿ. ಫೋನಿನಲ್ಲಿ ಮಾತಾಡಿ ಗಿರಾಕಿ ಹಿಡಿಯುವುದು, ಒಪ್ಪಿದವರ ಮನೆಗೆ ಅಳತೆಯವನನ್ನು ಕಳಿಸುವುದು, ಇಷ್ಟೇ ವ್ಯಾಪಾರ. ಬೇರೆ ಊರುಗಳಲ್ಲಿ ಈ ಕೆಲಸಕ್ಕೆ ನಂಬರುಗಳ ಒಂದು ಪಟ್ಟಿ ಇದ್ದರೆ ಸಾಕಂತೆ. ನಮ್ಮ ಊರಿನಲ್ಲಿ ಹಾಗಲ್ಲ. ಇಲ್ಲಿ ನಂಬರು ಒತ್ತುವವನ ಮನಸ್ಸಿನಲ್ಲಿ ಆಚೆ ಕಡೆಯ ಮನುಷ್ಯ ಇದ್ದರೆ ಮಾತ್ರ ಆಚೆ ಕಡೆ ಗಂಟೆ ಬಾರಿಸುತ್ತದೆ. ಬರೀ ಹೆಸರು, ಮುಖ ಸಾಲದು. ಆ ಮನುಷ್ಯನದೇ ಆದ ಏನಾದರೊಂದು ನೆನಪಿನಲ್ಲಿ ಕೂತಿರಬೇಕು. ಇಲ್ಲದಿದ್ದರೆ ಫೋನು ಕಿವಿಯಲ್ಲಿ ಸುಮ್ಮನೆ ಸುಯ್ಯೆನ್ನುತ್ತದೆ. ಹಾಗಾಗಿ ನಮ್ಮಲ್ಲಿ ರಾಂಗ್ ನಂಬರ್ ಎಂಬುದಿಲ್ಲ. ಹೊಸದಾಗಿ ಮದುವೆಯಾದವನ ಫೋನು ಹೆಂಡತಿಗೆ ಹೋಗುತ್ತಿಲ್ಲ ಎಂದಾದರೆ ಎರಡೂ ಕಡೆಯ ಹಿರಿಯರು ಕೂತು ಮಾತಾಡುತ್ತಾರೆ. ಫೋನು ಹೋಗದವರ ಮನೆ ಬಾಗಿಲು ತಟ್ಟುವುದಂತೂ ಮರ್ಯಾದಸ್ಥರು ಮಾಡುವ ಕೆಲಸವಲ್ಲ. ನೀನು ನನ್ನ ಮನಸ್ಸಿನಲ್ಲಿಲ್ಲ, ಆದರೂ ಬಂದಿದ್ದೇನೆ ಎಂದು ಮುಖಕ್ಕೆ ಹೇಳಿದ ಹಾಗೆ.

ನಮ್ಮ ಕಂಪನಿಯ ಎಂಟು ಮಂದಿ ಫೋನಿನವರು ಬೆಳಗ್ಗೆ ಎಂಟಕ್ಕೆ ನೋಟ್‌ಬುಕ್ ಹಿಡಿದು ಬೀದಿಗಿಳಿಯುತ್ತಿದ್ದರು. ಇದಕ್ಕೆ ನಾವು ‘ಮನೆ ನೋಡುವುದು’ ಎನ್ನುತ್ತೇವೆ. ಯಾರು ಬಾಗಿಲಲ್ಲಿ ಕೂತು ಅವರೆಕಾಳು ಸುಲಿಯುತ್ತಾರೆ, ಯಾರು ಸ್ಕೂಟರಿಗೆ ಒದೆಯುವಾಗ ಬೈಯುತ್ತಾರೆ, ಯಾರ ಮನೆಯ ಕಿಟಕಿ ಎಷ್ಟು, ಇವನ್ನೆಲ್ಲ ಗುರುತು ಹಾಕಿಕೊಂಡು ಹತ್ತೂವರೆಗೆ ಆಫೀಸಿಗೆ ಬಂದು ಫೋನಿನ ಮುಂದೆ ಕೂರುತ್ತಿದ್ದರು. ಒಬ್ಬೊಬ್ಬರು ದಿನಕ್ಕೆ ಹದಿನೈದು ಕರೆ ಮಾಡಿದರೆ ಹೆಚ್ಚು. ಯಾರೂ ರೇಗುತ್ತಿರಲಿಲ್ಲ. ನಮ್ಮ ಊರಿನಲ್ಲಿ ಫೋನು ಬಾರಿಸಿದರೆ ಸಾಕು, ಯಾರೋ ನೆನೆಸಿಕೊಂಡರು ಎಂದು ಜನ ಒಲೆ ಸಣ್ಣ ಮಾಡಿ ಬಂದು ಎತ್ತುತ್ತಾರೆ.

ನಮ್ಮ ಯಜಮಾನರು ಕರಿಬಸಪ್ಪನವರು ಬೇರೆ ಊರಿನ ಒಂದು ಮದುವೆಗೆ ಹೋದಾಗ ಅಲ್ಲಿನ ಬೀಗರ ಆಫೀಸಿನಲ್ಲಿ ತಾನಾಗಿಯೇ ನಂಬರು ಒತ್ತುವ ಯಂತ್ರ ನೋಡಿ ಬಂದರು. ಮದುವೆ ಊಟದ ಮಾತೂ ಎತ್ತಲಿಲ್ಲ, ಹೆಣ್ಣು ಗಂಡಿನ ಮಾತೂ ಎತ್ತಲಿಲ್ಲ. ಅಲ್ಲಿ ಒಬ್ಬೊಬ್ಬರು ದಿನಕ್ಕೆ ಆರುನೂರು ಕರೆ ಮಾಡುತ್ತಾರಂತೆ ಎಂದು ಮೂರು ದಿನ ಅದನ್ನೇ ಹೇಳಿದರು. ನಾಲ್ಕನೆಯ ದಿನ ನನ್ನನ್ನು ಒಳಗೆ ಕರೆದು, ಯಂತ್ರದಲ್ಲಿ ಮೂರು ತರಹ ಇದೆಯಂತೆ, ಮೂರನ್ನೂ ಇಲ್ಲಿಟ್ಟು ನೋಡಿ ಯಾವುದು ಆಗಬಹುದು ಎಂದು ಬರೆದುಕೊಡು ಎಂದರು. ನಾನು ತಲೆ ಕೆರೆದುಕೊಂಡೆ. ಯಂತ್ರಕ್ಕೆ ಯಾರ ನೆನಪು ಇರುತ್ತದೆ ಎಂದು ಕೇಳಿದೆ. ಅದನ್ನು ನೋಡುವುದಕ್ಕೇ ನಿನಗೆ ಹೇಳಿರುವುದು ಎಂದರು. ನಾನು ಏಳುವಾಗ ಅವರು ಇನ್ನೊಂದು ಮಾತು ಹೇಳಿದರು.

“ಯಂತ್ರ ಬಂದ್ರೆ ಎಂಟು ಜನ ಬೇಕಾಗಲ್ಲ ಸದಾನಂದಪ್ಪ. ದಾಕ್ಷಾಯಿಣಮ್ಮನಿಂದ ಶುರು ಮಾಡೋಣ. ಆದ್ರೆ ಯಂತ್ರ ಕೆಲಸ ಮಾಡುತ್ತೆ ಅಂತ ನೀನು ಬರ್ಕೊಟ್ಟ ಮೇಲೇನೇ.”

ದಾಕ್ಷಾಯಿಣಮ್ಮ ನಮ್ಮ ಆಫೀಸಿನ ಮೊದಲ ಕೆಲಸಗಾರರು. ನನಗಿಂತ ಮುಂಚಿನವರು, ಇಪ್ಪತ್ತೆರಡು ವರ್ಷವಾಗಿತ್ತು. ಹಿಂದಿನ ವರ್ಷದಿಂದ ಅವರ ಗಂಟಲು ಒಡೆದು, ನಾಲ್ಕು ಮಾತಾಡಿದರೆ ಐದನೆಯದು ಗಾಳಿಯಾಗಿ ಹೋಗುತ್ತಿತ್ತು. ಡಾಕ್ಟರ ಹತ್ತಿರ ಹೋದಿರಾ ಎಂದು ನಾನು ಒಮ್ಮೆ ಕೇಳಿದ್ದೆ. ಹೋಗಿದ್ದೆ ಎಂದಿದ್ದರು. ಅಲ್ಲಿಗೆ ಮಾತು ಮುಗಿದಿತ್ತು. ಈಗ ನನ್ನ ಸಹಿಯೊಂದರ ಮೇಲೆ ಅವರ ಕೆಲಸ ನಿಂತಿತ್ತು. ಆದರೂ ಯಂತ್ರ ನಮ್ಮ ಊರಿನಲ್ಲಿ ನಡೆಯುವುದೇ ಇಲ್ಲ ಎಂಬ ಧೈರ್ಯವಿತ್ತು.

ಯಂತ್ರದ ಕಂಪನಿಯಿಂದ ಫಣಿರಾಜ ಎಂಬ ಪ್ರತಿನಿಧಿ ಬಂದ. ಮುಂಚಿತವಾಗಿ ಫೋನು ಮಾಡದೆ ನೇರವಾಗಿ ಬಾಗಿಲು ತಟ್ಟಿದ. ಎಲ್ಲರೂ ಮುಖ ಮುಖ ನೋಡಿಕೊಂಡರು. ಇಪ್ಪತ್ತು ಸಲ ಮಾಡಿದೆ, ನಿಮ್ಮ ಊರಿನ ಲೈನೇ ಸರಿಯಿಲ್ಲ ಎಂದ. ಪಾಪ, ನಮ್ಮಲ್ಲಿ ಒಬ್ಬರನ್ನೂ ಕಂಡವನಲ್ಲ. ಪರ ಊರಿನವನೆಂದು ಕಾಫಿ ಕೊಟ್ಟು ಕೂರಿಸಿದೆವು.

ಮೊದಲ ಯಂತ್ರ ಒಳ್ಳೆಯ ಸ್ವಭಾವದ್ದು. ಪರದೆಯ ಮೇಲೆ ಒಬ್ಬರ ಹೆಸರು, ವಿಳಾಸ ತೋರಿಸಿ ಸುಮ್ಮನೆ ಕಾಯುತ್ತಿತ್ತು. ನಾವು ಓದಿ, ನೆನೆಸಿಕೊಂಡು, ಗುಂಡಿ ಒತ್ತಿದರೆ ಆಮೇಲೆ ನಂಬರು ಹಚ್ಚುತ್ತಿತ್ತು. ಮನೆ ನೋಡಿ ಬಂದವರಿಗೆಲ್ಲ ಕರೆ ಹೋಯಿತು. ದಿನದ ಕೊನೆಗೆ ಎಣಿಸಿದರೆ ತಲೆಗೆ ಹದಿನಾರು ಕರೆ. ಇದು ನೋಟ್‌ಬುಕ್ಕೇ ಅಲ್ಲವೇ, ನೋಟ್‌ಬುಕ್ಕಿಗೆ ಕರೆಂಟೂ ಬೇಡ ಎಂದು ಯಜಮಾನರು ಎದ್ದು ಹೋದರು.

ಎರಡನೆಯದಕ್ಕೆ ಬಹಳ ಅವಸರ. ಒಂದು ಕರೆ ಮುಗಿದ ಕೂಡಲೇ, ಉಸಿರು ಬಿಡುವಷ್ಟೂ ಪುರುಸೊತ್ತು ಕೊಡದೆ ಮುಂದಿನದನ್ನು ಹಚ್ಚುತ್ತಿತ್ತು. ಅದರ ಮುಂದೆ ರೇವತಿಯನ್ನು ಕೂರಿಸಿದೆವು. ನಮ್ಮಲ್ಲಿ ಮಾತಿನಲ್ಲಿ ಚುರುಕಾದವಳು ಅವಳೇ. ಹಿಟ್ಟಿನ ಗಿರಣಿಯವರನ್ನು ಮನಸ್ಸಿನಿಂದ ಇಳಿಸಿ ನಿವೃತ್ತ ಮೇಷ್ಟ್ರನ್ನು ಏರಿಸಿಕೊಳ್ಳುವುದರೊಳಗೆ ಯಂತ್ರ ಮೇಷ್ಟ್ರನ್ನೂ ದಾಟಿ ಸೋಡಾ ಅಂಗಡಿಯಲ್ಲಿ ಇರುತ್ತಿತ್ತು. ನೂರರಲ್ಲಿ ಏಳು ಬಾರಿಸಿದವು. ಮೂರು ಗಂಟೆಗೆ ಅವಳು ಹಣೆ ಒತ್ತಿಕೊಂಡು ಎದ್ದಳು. ತನ್ನ ಸ್ವಂತ ಅತ್ತೆಯ ಮುಖವೇ ಜ್ಞಾಪಕಕ್ಕೆ ಬರುತ್ತಿಲ್ಲ ಎಂದಳು. ಅದನ್ನು ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ.

ಮೂರನೆಯದನ್ನು ಜೋಡಿಸುವಾಗ ನಾನು ನಿಶ್ಚಿಂತನಾಗಿದ್ದೆ. ಅದು ಒಂದೇ ಏಟಿಗೆ ಹತ್ತು ಜನಕ್ಕೆ ಹಚ್ಚುವ ಯಂತ್ರ. ನಮ್ಮವರು ಬಿಡುವಾಗಿದ್ದಾರೋ ಇಲ್ಲವೋ ಅದಕ್ಕೆ ಬೇಕಾಗಿಲ್ಲ. ಯಾರು ಮೊದಲು ಹಲೋ ಎನ್ನುತ್ತಾರೋ ಅವರನ್ನು ತಂದು ನಮ್ಮವರ ಕಿವಿಗೆ ಕಟ್ಟುತ್ತದೆ. ಒಂದೇ ಸಲಕ್ಕೆ ಹತ್ತು ಜನರನ್ನು ನೆನೆಯುವವರು ಯಾರು? ಇದಂತೂ ಸತ್ತರೂ ಬಾರಿಸುವುದಿಲ್ಲ ಎಂದುಕೊಂಡೆ. ನಾನೂರ ಮೂವತ್ತು ಹೆಸರಿನ ಪಟ್ಟಿ ಮಾಡಿದೆವು. ಪರೀಕ್ಷೆಗೆ ಇರಲಿ ಎಂದು ಕೊನೆಯಲ್ಲಿ ಆಫೀಸಿನವರ ನಂಬರುಗಳನ್ನೂ ಸೇರಿಸಿದೆವು. ದಾಕ್ಷಾಯಿಣಮ್ಮನ ದನಿ ಯಂತ್ರಕ್ಕೆ ಆಗಿಬರುವುದಿಲ್ಲ ಎಂದು ಫಣಿರಾಜ ಹೇಳಿದ್ದರಿಂದ ಅವರನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಪಟ್ಟಿಯ ಒಂದು ಪ್ರತಿ ಕೈಗೆ ಕೊಟ್ಟು, ಯಂತ್ರ ಹಚ್ಚುತ್ತಾ ಹೋದ ಹಾಗೆ ಹೆಸರುಗಳಿಗೆ ಗೀಟು ಹಾಕುತ್ತಾ ಹೋಗಿ ಎಂದೆ. ಅವರು ಕನ್ನಡಕ ಏರಿಸಿಕೊಂಡು, ತಲೆಯ ಮೇಲಿನ ಫ್ಯಾನು ಹಾಕಿಕೊಂಡು ಕೂತರು.

ಯಂತ್ರ ಶುರುವಾಯಿತು. ಒಂದಲ್ಲ ಎರಡಲ್ಲ, ಹತ್ತಕ್ಕೆ ಹತ್ತೂ ಬಾರಿಸಿದವು. ಮತ್ತೆ ಹತ್ತು. ಮತ್ತೆ ಹತ್ತು. ಎಲ್ಲರೂ ಮಾತಾಡುತ್ತಲೇ ಇದ್ದಾರೆ, ಇನ್ನಷ್ಟು ಹಲೋಗಳು ಬಂದು ಬೀಳುತ್ತಲೇ ಇವೆ. ಹಲೋ ಎಂದರೂ ಈಚೆ ಕಡೆ ಮಾತಾಡುವವರಿಲ್ಲದೆ ಕೆಲವರ ಕರೆ ಕಡಿದೂ ಹೋಯಿತು. ಅವರೂ ಬೇಸರ ಮಾಡಿಕೊಳ್ಳಲಿಲ್ಲವಂತೆ. ಯಾರೋ ನೆನೆದರು, ಹೇಳಲು ನಾಚಿಕೊಂಡರು ಎಂದು ಊರೆಲ್ಲ ಮಾತಾಯಿತು. ಪಟ್ಟಿಯ ಕೊನೆಗೆ ಬಂದಾಗ ನನ್ನ ಜೇಬಿನ ಫೋನೂ ಬಾರಿಸಿತು. ನನಗೆ ಫೋನು ಬರುವುದು ಕಡಿಮೆ. ಒಂದು ಯಂತ್ರ ನನ್ನನ್ನು ನೆನೆಯಿತಲ್ಲ ಎಂದು, ನಾಚಿಕೆ ಬಿಟ್ಟು ಹೇಳುತ್ತೇನೆ, ಎದೆ ತುಂಬಿ ಬಂತು. ಅದರ ಹಿಂದೆಯೇ ತಲೆ ಚಿಟ್ಟು ಹಿಡಿಯಿತು. ಕೂತು ಎಣಿಸಿದರೆ ನಾನೂರ ಮೂವತ್ತರಲ್ಲಿ ಹನ್ನೊಂದು ಮಾತ್ರ ಬಾರಿಸಿರಲಿಲ್ಲ. ಹತ್ತು ಈಚೆಗೆ ಊರಿಗೆ ಬಂದ ಬಾಡಿಗೆಯವರದು. ಹನ್ನೊಂದನೆಯದು ದಾಕ್ಷಾಯಿಣಮ್ಮನದು. ಅವರ ಫೋನು ಮೂಲೆಯ ಮೇಜಿನ ಮೇಲೆ ಕಣ್ಣೆದುರಿಗೇ ಇತ್ತು, ತೆಪ್ಪಗೆ ಇತ್ತು. ಯಂತ್ರದ ಸಣ್ಣ ದೋಷ ಎಂದು ನಾನು ಬರೆದುಕೊಂಡೆ.

ಬಡಪೆಟ್ಟಿಗೆ ಒಪ್ಪುವವನಲ್ಲ ನಾನು. ಮಾರನೆಯ ದಿನ ಒಂಬತ್ತಕ್ಕೇ ಯಂತ್ರ ಹಾಕಿಸಿದೆ. ಒಂದೂ ಬಾರಿಸಲಿಲ್ಲ. ಫಣಿರಾಜನ ಮುಖ ಸಪ್ಪಗಾಯಿತು, ನನ್ನದು ಅರಳಿತು. ಹತ್ತೂವರೆಯಾಯಿತು, ಇದ್ದಕ್ಕಿದ್ದ ಹಾಗೆ ಎಲ್ಲ ಬಾರಿಸತೊಡಗಿದವು. ಒಂದು ಗಂಟೆಗೆ ನಿಂತವು. ಎರಡಕ್ಕೆ ಮತ್ತೆ ಶುರು. ಕರೆಂಟು ನೋಡಿದೆವು, ತಂತಿ ನೋಡಿದೆವು. ಯಜಮಾನರು ಊದುಬತ್ತಿ ಹಚ್ಚುವ ಹೊತ್ತು ನೋಡಿದೆವು. ಯಾವುದಕ್ಕೂ ಹೊಂದಲಿಲ್ಲ. ಮೂರನೆಯ ದಿನ, ಹತ್ತೂವರೆಗೆ ಸರಿಯಾಗಿ, ನನ್ನ ಕಣ್ಣು ಮೇಲಕ್ಕೆ ಹೋಯಿತು. ಮೂಲೆಯ ಫ್ಯಾನು ಆಗಷ್ಟೇ ತಿರುಗಲು ಶುರು ಮಾಡಿತ್ತು.

ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಎಂದುಕೊಂಡೆ. ಗಡಿಯಾರ ಹಿಡಿದು ಕೂತೆ. ಫ್ಯಾನು ತಿರುಗುವಾಗಲೆಲ್ಲ ಫೋನುಗಳು ಬಾರಿಸುತ್ತವೆ, ಫ್ಯಾನು ನಿಂತರೆ ನಿಲ್ಲುತ್ತವೆ. ಒಂದು ನಿಮಿಷದ ವ್ಯತ್ಯಾಸವಿಲ್ಲ. ಆದರೂ ಅನುಮಾನ ಉಳಿಯಬಾರದು ಎಂದು ನಾಲ್ಕನೆಯ ದಿನ ನಡು ಮಧ್ಯಾಹ್ನ, ಯಂತ್ರ ಭರಾಟೆಯಿಂದ ನಡೆಯುತ್ತಿರುವಾಗ, ಎದ್ದು ಹೋಗಿ ಫ್ಯಾನು ಆರಿಸಿದೆ. ಐದು ನಿಮಿಷದಲ್ಲಿ ದಾಕ್ಷಾಯಿಣಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡು, ಪಟ್ಟಿ ಮಡಚಿಟ್ಟು ಗಾಳಿಗೆಂದು ಹೊರಗೆ ಹೋದರು. ಅದೇ ಕ್ಷಣಕ್ಕೆ ಕರೆಗಳು ನಿಂತವು. ಫ್ಯಾನು ಹಾಕಿದೆ. ಅವರು ಒಳಗೆ ಬಂದು ಕೂತರು, ಕರೆಗಳು ಬಂದವು. ಇನ್ನೇನು ಬೇಕು? ಫಣಿರಾಜ ನನ್ನ ಕೈ ಕುಲುಕಿ, ಇಂಥ ಪರಿಶೀಲನೆಯನ್ನು ತನ್ನ ಸರ್ವೀಸಿನಲ್ಲಿ ಕಂಡಿಲ್ಲ ಎಂದ.

ನಾನು ವರದಿ ಬರೆದೆ. ಮೂರನೆಯ ಯಂತ್ರ ಉತ್ತಮವಾಗಿ ಕೆಲಸ ಮಾಡುತ್ತದೆ, ಈಶಾನ್ಯ ಮೂಲೆಯ ಫ್ಯಾನು ಚಾಲೂ ಇರತಕ್ಕದ್ದು ಎಂದು ಬರೆದೆ. ಬರೆದ ಮೇಲೆ ಆ ಹಾಳೆಯನ್ನು ಎರಡು ದಿನ ಡ್ರಾಯರಿನಲ್ಲಿ ಇಟ್ಟುಕೊಂಡೆ. ಕೊಟ್ಟರೆ ದಾಕ್ಷಾಯಿಣಮ್ಮ ಹೋಗುತ್ತಾರೆ, ಕೊಡದಿದ್ದರೆ ಕಂಡದ್ದನ್ನು ಮುಚ್ಚಿಟ್ಟ ಹಾಗಾಗುತ್ತದೆ. ಆ ಎರಡು ದಿನವೂ ಅವರು ಎಂದಿನಂತೆ ಮೂಲೆಯಲ್ಲಿ ಕೂತು ಗೀಟು ಹಾಕುತ್ತಿದ್ದರು. ಒಂದೆರಡು ಸಲ ತಲೆಯೆತ್ತಿ ನನ್ನ ಕಡೆ ನೋಡಿದರು. ಏನೋ ಕೇಳುವವರ ಹಾಗೆ ಕಂಡರು. ವಿಷಯ ಗೊತ್ತಾಗಿರಬೇಕು, ಕೆಲಸ ಉಳಿಸಿ ಎನ್ನಲು ಬಂದರೆ ಏನು ಹೇಳಲಿ ಎಂದು ನಾನು ಕಡತದೊಳಗೆ ಮುಖ ಹುದುಗಿಸಿದೆ. ಶುಕ್ರವಾರ ಯಜಮಾನರು ತಾವೇ ಬಂದು ಕೈಚಾಚಿದರು. ಕೊಟ್ಟೆ.

ಶನಿವಾರ ದಾಕ್ಷಾಯಿಣಮ್ಮನಿಗೆ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ಕಂಪನಿಯಿಂದ ಒಂದು ಕಿಟಕಿಗಾಗುವಷ್ಟು ಸೊಳ್ಳೆ ಪರದೆಯನ್ನೂ ಕೊಟ್ಟೆವು. ಅವರು ಹೊರಡುವ ಮುಂಚೆ ಮೂಲೆಗೆ ಹೋಗಿ, ಯಾವಾಗಲಿನ ಹಾಗೆ, ಫ್ಯಾನಿನ ಸ್ವಿಚ್ಚು ಆರಿಸಿದರು. ಅವರು ಮೆಟ್ಟಿಲಿಳಿದ ಮೇಲೆ ನಾನೇ ಓಡಿಹೋಗಿ ಮತ್ತೆ ಹಾಕಿದೆ.

ಸೋಮವಾರ ಫ್ಯಾನು ಗಿರಗಿರನೆ ತಿರುಗುತ್ತಿತ್ತು. ಒಂದು ಫೋನೂ ಬಾರಿಸಲಿಲ್ಲ. ವೇಗ ಸಾಲದೇನೋ ಎಂದು ಐದಕ್ಕೆ ಇಟ್ಟೆ. ಮಂಗಳವಾರ ಎಲೆಕ್ಟ್ರಿಷಿಯನ್ನನ್ನು ಕರೆಸಿ ಎಣ್ಣೆ ಬಿಡಿಸಿದೆ. ಬುಧವಾರ ಅದೇ ಕಂಪನಿಯ ಇನ್ನೂ ಮೂರು ಫ್ಯಾನು ತರಿಸಿ ಉಳಿದ ಮೂಲೆಗಳಿಗೆ ಹಾಕಿಸಿದೆ. ಕಾಗದಗಳೆಲ್ಲ ಹಾರಾಡಿದವು, ರೇವತಿಗೆ ನೆಗಡಿಯಾಯಿತು, ಫೋನುಗಳು ಮಾತ್ರ ಸುಯ್ಯೆನ್ನುತ್ತಲೇ ಇದ್ದವು. ಫಣಿರಾಜ ಯಂತ್ರದ ಹೊಟ್ಟೆ ಬಗೆದು ನೋಡಿ ಮತ್ತೆ ಮುಚ್ಚಿದ. ಯಜಮಾನರು ನನ್ನ ವರದಿಯನ್ನು ಎಲ್ಲರೆದುರು ಜೋರಾಗಿ ಓದಿದರು, ಎರಡು ಸಲ. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಗುರುವಾರ ಹಳೆಯ ಫ್ಯಾನಿನ ಗ್ಯಾರಂಟಿ ಚೀಟಿಗಾಗಿ ಮೂಲೆಯ ಮೇಜಿನ ಡ್ರಾಯರು ಎಳೆದೆ. ಚೀಟಿ ಸಿಗಲಿಲ್ಲ. ದಾಕ್ಷಾಯಿಣಮ್ಮ ಗೀಟು ಹಾಕಿದ ಪಟ್ಟಿ ಸಿಕ್ಕಿತು. ಪ್ರತಿಯೊಂದು ಹೆಸರಿನ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಸಣ್ಣಗೆ ಏನೋ ಬರೆದಿತ್ತು. ‘ಬೆಕ್ಕು ಎಡಗಡೆ ಕಿಟಕಿಯಲ್ಲೇ ಮಲಗುತ್ತೆ, ಅದಕ್ಕೆ ಪರದೆ ಬೇಡ ಅಂತಾರೆ.’ ‘ಮಗಳು ಹೋದ ಮೇಲೆ ಬಾಗಿಲಿಗೆ ನೀರು ಹಾಕುವುದು ಬಿಟ್ಟಿದ್ದಾರೆ.’ ‘ಸೋಡಾ ಬಾಟಲಿ ಒಡೆದರೆ ನಗುತ್ತಾರೆ.’ ನಾನೂರಕ್ಕೂ ಹೆಚ್ಚು ಮನುಷ್ಯರು, ಒಬ್ಬೊಬ್ಬರಿಗೆ ಒಂದೊಂದು ಸಾಲು. ಹೊಸ ಬಾಡಿಗೆಯವರ ಹತ್ತು ಹೆಸರುಗಳ ಮುಂದೆ ‘ನೋಡಬೇಕು’ ಎಂದಿತ್ತು. ಓದುತ್ತಾ ಓದುತ್ತಾ ನನ್ನ ಕೈ ತಣ್ಣಗಾಯಿತು. ತಲೆಯ ಮೇಲೆ ನಾಲ್ಕು ಫ್ಯಾನು ತಿರುಗುತ್ತಿದ್ದದ್ದೂ ಅದಕ್ಕೆ ಕಾರಣವಿರಬಹುದು.

ಕೊನೆಯ ಹಾಳೆಯಲ್ಲಿ ನನ್ನ ಹೆಸರಿತ್ತು. ಪಕ್ಕದಲ್ಲಿ ಬರೆದದ್ದು ಇಷ್ಟು: ‘ಟೀ ಬಂದ ಮೇಲೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂರುತ್ತಾರೆ. ಆಗ ಮಾತಾಡಿಸಬಾರದು.’ ನಾನು ಹಾಗೆ ಕೂರುತ್ತೇನೆಂದು ನನಗೇ ಗೊತ್ತಿರಲಿಲ್ಲ. ಆ ದಿನ ಜೇಬಿನಲ್ಲಿ ಬಾರಿಸಿದ್ದು ಯಾರ ನೆನಪು ಎಂದು ಆಗ ತಿಳಿಯಿತು. ಅವರ ಸ್ವಂತ ಹೆಸರಿನ ಮುಂದೆ ಏನೂ ಬರೆದಿರಲಿಲ್ಲ. ತನ್ನನ್ನು ತಾನು ನೆನೆದರೆ ನಮ್ಮ ಊರಿನಲ್ಲಿ ಫೋನು ಹೋಗುವುದಿಲ್ಲ.

ಪಟ್ಟಿಯನ್ನು ಯಜಮಾನರ ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೆಟ್ಟವರಲ್ಲ. ಬಹಳ ಹೊತ್ತು ಪುಟ ತಿರುವಿದರು. ತಮ್ಮ ಹೆಸರಿನ ಮುಂದೆ ಏನಿದೆಯೋ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, ಇದಕ್ಕೇನು ಯೋಚನೆ, ಈಗಲೇ ಫೋನು ಮಾಡಿ ವಾಪಸು ಕರೆ ಎಂದರು.

ನಾನು ಮಾಡಿದೆ. ಸುಯ್ಯೆಂದಿತು. ಅವರ ಒಡೆದ ದನಿ ನೆನೆಸಿಕೊಂಡೆ, ಬಾರಿಸಲಿಲ್ಲ. ಕನ್ನಡಕ ನೆನೆಸಿಕೊಂಡೆ. ಕೊನೆಗೆ ಫ್ಯಾನನ್ನೂ ನೆನೆಸಿಕೊಂಡು ನೋಡಿದೆ. ಯಜಮಾನರು ತಮ್ಮ ಫೋನು ತೆಗೆದು ಕಣ್ಣು ಮುಚ್ಚಿಕೊಂಡು ಪ್ರಯತ್ನಿಸಿದರು. ಅವರಿಗೆ ಶನಿವಾರ ತಾವೇ ಹೊದಿಸಿದ ಶಾಲು ಮಾತ್ರ ಕಾಣುತ್ತಿತ್ತಂತೆ. ರೇವತಿ ದಾಕ್ಷಾಯಿಣಮ್ಮನ ಊಟದ ಡಬ್ಬಿಯನ್ನು ನೆನೆಯಲು ಹೋದಳು, ಡಬ್ಬಿ ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ ಎಂಬಲ್ಲಿ ನಿಂತಳು. ಏಳೂ ಜನ ಒಬ್ಬರಾದ ಮೇಲೆ ಒಬ್ಬರು ನಂಬರು ಒತ್ತಿದರು. ಊರಿನ ಕಿಟಕಿಗಳನ್ನೆಲ್ಲ ಬಾಯಿಪಾಠ ಮಾಡಿದ ಆಫೀಸು ನಮ್ಮದು. ಒಬ್ಬರ ಫೋನೂ ಹೋಗಲಿಲ್ಲ. ನಾವು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಫೋನು ಹೋಗದೆ ಬಾಗಿಲು ತಟ್ಟುವ ಹಾಗಿಲ್ಲ. ಮೊದಲು ಮನೆ ನೋಡಬೇಕು. ರಿಜಿಸ್ಟರಿನಲ್ಲಿ ವಿಳಾಸವಿತ್ತು. ಎಣ್ಣೆ ಗಾಣದ ರಸ್ತೆಯಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆ. ಎದುರಿಗೆ ಬೇಕರಿ, ಅದರ ಮುಂದೊಂದು ಬೆಂಚು. ಹದಿನೇಳು ವರ್ಷ ಬೇರೆಯವರನ್ನು ಬೀದಿಗೆ ಕಳಿಸಿದ ನಾನು ಆವತ್ತು ಸಂಜೆ ಹೊಸ ನೋಟ್‌ಬುಕ್ ಕೊಂಡು ಹೋಗಿ ಆ ಬೆಂಚಿನ ಮೇಲೆ ಕೂತೆ. ಸುಮ್ಮನೆ ಕೂರಲಾಗದೆ ಒಂದು ಬನ್ನು ತೆಗೆದುಕೊಂಡೆ. ಬರೆದುಕೊಂಡೆ: ಕಿಟಕಿ ಎರಡು, ಒಂದಕ್ಕೂ ಪರದೆ ಇಲ್ಲ. ತರಕಾರಿ ಗಾಡಿ ಬಂದಾಗ ಹಗ್ಗ ಕಟ್ಟಿದ ಬುಟ್ಟಿ ಇಳಿಸುತ್ತಾರೆ. ಕಂಪನಿ ಕೊಟ್ಟ ಶಾಲನ್ನು ಗ್ರೈಂಡರಿಗೆ ಹೊದಿಸಿದ್ದಾರೆ. ಆರು ಗಂಟೆಗೆ ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಾರೆ, ಬಹುಶಃ ಸಿಗ್ನಲ್ ಸಾಲದು. ಬರೆದುಕೊಂಡು ಮನೆಗೆ ಹೋಗಿ ನಂಬರು ಒತ್ತಿದೆ. ಸುಯ್ಯೆಂದಿತು. ಮರುದಿನ ಬೆಳಗ್ಗೆ ಹೋದೆ, ಸಂಜೆ ಹೋದೆ, ಅದರ ಮರುದಿನವೂ ಹೋದೆ. ನೋಟ್‌ಬುಕ್ಕಿನಲ್ಲಿ ಆರು ಪುಟ ತುಂಬಿತು, ಫೋನು ಬಾರಿಸಲಿಲ್ಲ. ನನಗೆ ಏನು ಕಾಣುತ್ತಿಲ್ಲ ಎಂದೇ ನನಗೆ ತಿಳಿಯದಾಯಿತು.

ನಾಲ್ಕನೆಯ ಸಂಜೆ ಬನ್ನು ಅರ್ಧ ತಿಂದಿದ್ದೆ. ಜೇಬಿನಲ್ಲಿ ನನ್ನ ಫೋನು ಬಾರಿಸಿತು.

“ಸದಾನಂದಪ್ಪನೋರೆ, ನಾಲ್ಕು ದಿನದಿಂದ ಬರೀ ಬನ್ನು ತಿಂತಾ ಇದ್ದೀರಿ,” ಎಂದಿತು ಆ ಒಡೆದ ದನಿ. “ಹೊಟ್ಟೆ ಕೆಡುತ್ತೆ.”

ತಲೆಯೆತ್ತಿದೆ. ಕಿಟಕಿಯಲ್ಲಿ ನಿಂತಿದ್ದರು. ನಾನು ಪಟ್ಟಿ ಸಿಕ್ಕಿದ್ದನ್ನು, ಯಜಮಾನರು ಕರೆದದ್ದನ್ನು, ನಾಲ್ಕು ಫ್ಯಾನಿನ ಕಥೆಯನ್ನು ಹಿಂದುಮುಂದಾಗಿ ಹೇಳಿದೆ. ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಯಂತ್ರ ಬಾರಿಸುತ್ತಿದ್ದದ್ದು ತಮ್ಮಿಂದ ಎಂದು ಅವರಿಗೆ ಗೊತ್ತಿತ್ತೇ ಎಂದು ಕೇಳಿದೆ.

“ಎರಡನೇ ದಿನಕ್ಕೇ ಗೊತ್ತಾಯ್ತು.”

“ಮತ್ತೆ ಯಾಕಮ್ಮ ಹೇಳ್ಲಿಲ್ಲ?”

“ಯಾರಾದ್ರೂ ಕೇಳ್ತಾರೆ ಅಂತ ಕಾದೆ. ನೀವು ಫ್ಯಾನು ನೋಡ್ತಾ ಇದ್ರಿ.”

ಅವರೇ ಮುಂದುವರಿದು, ಬಂದವರು ಬಾಗಿಲು ತಟ್ಟಬಹುದಿತ್ತಲ್ಲ ಎಂದರು. ಫೋನು ಹೋಗುತ್ತಿಲ್ಲ ಎಂದು ಹೇಳುವಾಗ ನನಗೆ ಅಳು ಬಂದ ಹಾಗಾಯಿತು. ಯಾರದೂ ಬರುವುದಿಲ್ಲ ಬಿಡಿ ಎಂದರು ಅವರು, ಇವತ್ತು ನಲ್ಲಿಯಲ್ಲಿ ನೀರು ಬರುವುದಿಲ್ಲ ಎನ್ನುವಷ್ಟು ಸಲೀಸಾಗಿ. ಆಮೇಲೆ, ಇಷ್ಟು ದಿನ ಕೂತು ಏನು ನೋಡಿದಿರಿ ಎಂದು ಕೇಳಿದರು. ನಾನು ನೋಟ್‌ಬುಕ್ ತೆರೆದು ಶಾಲೆಯ ಮಕ್ಕಳ ಹಾಗೆ ಓದತೊಡಗಿದೆ. ಕಿಟಕಿ ಎರಡು. ಬುಟ್ಟಿ. ಗ್ರೈಂಡರಿನ ಶಾಲು. ಆರು ಗಂಟೆಗೆ ಫೋನನ್ನು ಕಟ್ಟೆಯ ಮೇಲೆ ಇಡುತ್ತೀರಿ, ಸಿಗ್ನಲ್‌ಗಾಗಿ. ಅಲ್ಲಿಗೆ ಬಂದಾಗ ನನ್ನ ಬಾಯಿ ನಿಂತಿತು. ಕಣ್ಣೆದುರಿಗೇ ಮೂರು ಸಂಜೆ ಕಂಡದ್ದು ಆಗ ಕಾಣಿಸಿತು.

“ಇಡೋ ಮುಂಚೆ ಸೆರಗಿನಿಂದ ಒರೆಸ್ತೀರಿ,” ಎಂದೆ. “ಆಮೇಲೆ ಅದಕ್ಕೆ ಬೆನ್ನು ಮಾಡಿ ಕೂರ್ತೀರಿ, ಏಳು ಗಂಟೆವರೆಗೂ. ರಸ್ತೇಲಿ ಯಾರದಾದ್ರೂ ಫೋನು ಬಾರಿಸಿದ್ರೆ ಮಾತ್ರ ತಿರುಗಿ ನೋಡ್ತೀರಿ.”

ಕಿಟಕಿಯಲ್ಲಿ ಅವರು ಅಲುಗಲಿಲ್ಲ. ಹೇಳಬಾರದ್ದು ಹೇಳಿದೆನೇನೋ ಎಂದು ನನಗೆ ದಿಗಿಲಾಯಿತು. ಕೆಲಸದ ವಿಷಯ ಏನು ಹೇಳುತ್ತೀರಿ ಎಂದು ಅಳುಕುತ್ತಾ ಕೇಳಿದೆ.

“ಕೆಲಸದ ಮಾತು ಆಮೇಲೆ,” ಎಂದರು. “ಈಗ ನಾನು ಇಡ್ತೀನಿ. ನೀವು ಮಾಡಿ ನೋಡಿ.”

ಇಟ್ಟರು. ಫೋನನ್ನು ಕಟ್ಟೆಯ ಮೇಲೆ ಇಟ್ಟು, ಸೆರಗಿನ ತುದಿಯಿಂದ ಒಮ್ಮೆ ಒರೆಸಿ, ಅದಕ್ಕೆ ಬೆನ್ನು ಮಾಡಿ ಕೂತರು. ನಾನು ಬನ್ನನ್ನು ಬೆಂಚಿನ ಮೇಲಿಟ್ಟು ನಂಬರು ಒತ್ತಿದೆ. ಒಂದು ಗಳಿಗೆ ಸುಯ್ಯೆಂದಿತು. ಆಮೇಲೆ ರಸ್ತೆಯ ಆಚೆ, ಮೇಲಿನ ಕಿಟಕಿಯಲ್ಲಿ, ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಬಿಟ್ಟಿದ್ದ ಒಂದು ಗಂಟೆಯ ಸದ್ದು ಜೋರಾಗಿ ಎದ್ದಿತು. ಅವರು ಬೆಚ್ಚಿದ್ದು ಇಲ್ಲಿಂದಲೇ ಕಂಡಿತು. ಕೆಳಗಡೆ ಟೈಲರು ಮಿಷನ್ನು ತುಳಿಯುವುದು ನಿಲ್ಲಿಸಿ, ಅದು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಮೇಲಕ್ಕೂ ಕೆಳಕ್ಕೂ ನೋಡಿದ. ದಾಕ್ಷಾಯಿಣಮ್ಮ ತಿರುಗಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಗುಂಡಿ ಒತ್ತಲಿಲ್ಲ. ಬಾರಿಸುತ್ತಿರುವ ಫೋನನ್ನು ಹಾಗೇ ಹಿಡಿದುಕೊಂಡು ಕೂತರು. ಆಗ ಮಾತಾಡಿಸಬಾರದು ಎಂದು ನನಗೂ ಗೊತ್ತಾಯಿತು, ನಾನು ಫೋನು ಕಿವಿಯಿಂದ ತೆಗೆಯದೆ ರಸ್ತೆಯಲ್ಲೇ ನಿಂತುಕೊಂಡೆ.